ಉಡುಪಿಯ ದಿನಸಿ ಅಂಗಡಿ: ಬಿಲ್ಲಿನ ಡೇಟಾ ಬಳಸುವುದು ಹೇಗೆ?

ಕಲ್ಸಂಕದ ಹತ್ತಿರ ನಮ್ಮ ದಿನಸಿ ಅಂಗಡಿ, ಅಪ್ಪ ಶುರು ಮಾಡಿದ್ದು. ಕಂಪ್ಯೂಟರ್ ಬಿಲ್ಲಿಂಗ್ ಬಂದು ಮೂರು ವರ್ಷ ಆಯ್ತು. ಬಿಲ್ ಕೊಡುವುದು ಬಿಟ್ಟರೆ ಬೇರೇನಕ್ಕೂ ಬಳಸಿಲ್ಲ. ಈ ಸಲ ಚೌತಿಯ ಹಿಂದಿನ ದಿನ ಮಧ್ಯಾಹ್ನಕ್ಕೇ ಉದ್ದಿನಬೇಳೆ, ಬೆಲ್ಲ ಎರಡೂ ಖಾಲಿ. ಮೂವತ್ತು ವರ್ಷದ ಗಿರಾಕಿ ಒಬ್ಬರು ಬರಿಗೈಯಲ್ಲಿ ಹೋದರು. ತುಂಬಾ ಬೇಜಾರಾಯ್ತು. ಅದೇ ಹೊತ್ತಿಗೆ ಗೋಡೌನಿನಲ್ಲಿ ಎರಡು ಮೂಟೆ ಕುಚ್ಚಲಕ್ಕಿಗೆ ಹುಳ. ಡೇಟಾದಿಂದ ಇದನ್ನು ತಪ್ಪಿಸಬಹುದಾ?

ಉತ್ತರ 1
ಖಂಡಿತ. ಕುಂದಾಪುರದಲ್ಲಿ ನನ್ನದೂ ಅಂಗಡಿ. ಹಳೆ ಬಿಲ್ಲುಗಳನ್ನು ಎಕ್ಸೆಲ್‌ಗೆ ಇಳಿಸಿ. ಆದರೆ ತಿಂಗಳಿಗೆ ತಿಂಗಳು ಹೋಲಿಸಬೇಡಿ. ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಹಬ್ಬಕ್ಕೆ ಹತ್ತು ದಿನ ಮೊದಲಿನಿಂದ ಲೆಕ್ಕ ಹಾಕಿ, ಆಗಲೇ ಸರಿ ಗೊತ್ತಾಗುತ್ತದೆ. ಮೊದಲು ಹೆಸರುಗಳನ್ನು ಸರಿಮಾಡಿ. ನಮ್ಮಲ್ಲಿ ‘ಉದ್ದು’, ‘ಉದ್ದಿನಬೇಳೆ’, ‘ಉದ್ದು ಲೂಸ್’ ಅಂತ ಒಂದೇ ಬೇಳೆಗೆ ಮೂರು ಹೆಸರಿತ್ತು. ಅದನ್ನು ಒಂದು ಮಾಡಲಿಕ್ಕೇ ಎರಡು ಭಾನುವಾರ ಬೇಕಾಯ್ತು.

ಉತ್ತರ 2
ಅಕ್ಕಿ ಮೂಟೆಗೆ ಬಂದ ದಿನಾಂಕ ಬರೆದು ಅಂಟಿಸಿ, ಹಳೆಯದು ಮೊದಲು ಹೋಗಲಿ. ಗಿರಾಕಿಗಳ ಫೋನ್ ನಂಬರ್ ಸುಮ್ನೆ ತಗೊಳ್ಳಬೇಡಿ, ಯಾಕೆ ಅಂತ ಹೇಳಿ, ಒಪ್ಪಿಗೆ ಕೇಳಿ. ವೈಯಕ್ತಿಕ ಡೇಟಾಗೆ 2023ರ ಕಾನೂನೇ ಇದೆ.

ಕೇಳಿದವರು
ಈಗಷ್ಟೇ ತೆಗೆದು ನೋಡಿದೆ. ನಮ್ಮಲ್ಲಿ ಬೆಲ್ಲಕ್ಕೆ ನಾಲ್ಕು ಹೆಸರು! ಇವತ್ತು ರಾತ್ರಿಯೇ ಕೂರುತ್ತೇನೆ.