‘ರೀಜನರೇಶನ್’ಗೆ ‘ಮುಯ್ಯಿ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಹಾಸನದ ಹತ್ತಿರ ಹಾಲಿನ ಡೈರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರುವ ಹುಡುಗರಿಗಾಗಿ ಪಾಶ್ಚರೀಕರಣದ, ಅಂದರೆ ಹಾಲನ್ನು ಕಾಯಿಸಿ ರೋಗಾಣು ಕೊಲ್ಲುವ ಕೆಲಸದ, ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ: ರೀಜನರೇಶನ್.

ಮೊದಲು ಅದೇನು ಅಂತ ಹೇಳುತ್ತೇನೆ. 4 ಡಿಗ್ರಿಯ ಹಸಿ ಹಾಲನ್ನು 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡು ಹಾಗೇ ಇಟ್ಟು, ಮತ್ತೆ 4 ಡಿಗ್ರಿಗೆ ತಣಿಸಬೇಕು. ಪೂರ್ತಿ ಕೆಲಸವನ್ನು ಯಂತ್ರಗಳಿಗೇ ಬಿಟ್ಟರೆ ಬಾಯ್ಲರ್ 68 ಡಿಗ್ರಿ ಏರಿಸಬೇಕು, ಚಿಲ್ಲರ್ ಅದೇ 68 ಡಿಗ್ರಿ ಇಳಿಸಬೇಕು. ಎರಡು ಕಡೆಯೂ ದುಡ್ಡು. ಅದಕ್ಕೇ ಕಾದು ಹೊರಡುವ ಹಾಲನ್ನೂ ಒಳಗೆ ಬರುವ ತಣ್ಣನೆಯ ಹಾಲನ್ನೂ ತೆಳುವಾದ ಸ್ಟೀಲ್ ಪ್ಲೇಟಿನ ಆಚೆ ಈಚೆ ಹರಿಸುತ್ತಾರೆ. ಹಾಲಿಗೆ ಹಾಲು ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಇದೇ ರೀಜನರೇಶನ್. ನೂರಕ್ಕೆ 90 ಪಾಲು ದಾಟಿತು ಅನ್ನಿ. ಒಳಬರುವ ಹಾಲು ಬಾಯ್ಲರಿನ ಬಿಸಿ ತಾಗುವ ಮೊದಲೇ 65 ಡಿಗ್ರಿ ಮುಟ್ಟಿರುತ್ತದೆ. ಬಾಯ್ಲರಿಗೆ ಉಳಿಯುವುದು ಸುಮಾರು 7 ಡಿಗ್ರಿಯ ಕೆಲಸ. ಚಿಲ್ಲರಿಗೂ ಅಷ್ಟೇ.

ಮೊದಲ ಕರಡಿನಲ್ಲಿ ‘ಪುನರುತ್ಪಾದನೆ’ ಎಂದು ಬರೆದಿದ್ದೆ. ಓದಿದ ಹುಡುಗ, “ಸಾರ್, ಅಲ್ಲಿ ಬಿಸಿ ಮತ್ತೆ ಹುಟ್ಟುತ್ತಾ?” ಎಂದು ಕೇಳಿದ. ಹುಟ್ಟುವುದಿಲ್ಲ, ಇದ್ದದ್ದೇ ಕೈ ಬದಲಾಗುತ್ತದೆ. ಇದು ಸರಿಯಾಗಿ ತಲೆಗೆ ಹೋಗದಿದ್ದರೆ, ಪ್ಲೇಟಿಗೆ ಹಾಲಿನ ಗಸಿ ಕಟ್ಟಿದಾಗ ಬಾಯ್ಲರ್ ಯಾಕೆ ಜಾಸ್ತಿ ಉರಿಯುತ್ತಿದೆ ಎಂದು ಅವನಿಗೆ ಹೊಳೆಯುವುದೇ ಇಲ್ಲ. ‘ಶಾಖ ವಿನಿಮಯ’ ತಪ್ಪಲ್ಲ, ಆದರೆ ಬಾಯ್ಲರಿನ ಬಿಸಿ ಹಾಲಿಗೆ ದಾಟುವುದಕ್ಕೂ ಅದನ್ನೇ ಅನ್ನಬೇಕಾಗುತ್ತದೆ. ‘ಮರುಬಳಕೆ’ ಹತ್ತಿರ ಬರುತ್ತದೆ. ಆದರೂ ಇಬ್ಬರಿಗೂ ಲಾಭ ಎಂಬ ಮಾತು ಅದರಲ್ಲಿಲ್ಲ.

ಆಗ ನೆನಪಾದದ್ದು ಮುಯ್ಯಾಳು. ನಾಟಿ ಕಾಲದಲ್ಲಿ ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ, ಅಲ್ವಾ? ಕೂಲಿಯ ದುಡ್ಡು ಮನೆ ಬಿಟ್ಟು ಹೋಗುವುದಿಲ್ಲ. ಇಲ್ಲೂ ಹಾಗೇ. ಹೊರಡುವ ಹಾಲಿಗೆ ಬಿಸಿ ಕಳೆಯಬೇಕು, ಬರುವ ಹಾಲಿಗೆ ಬಿಸಿ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಿಕೊಡುತ್ತದೆ. ಬಾಯ್ಲರ್, ಚಿಲ್ಲರ್ ಎಂಬ ಕೂಲಿಯಾಳುಗಳು ಕಡಿಮೆ ಬಿದ್ದಷ್ಟನ್ನು ಮಾತ್ರ ತುಂಬಿದರೆ ಸಾಕು. ಹಾಗಾಗಿ ‘ಮುಯ್ಯಿಬಿಸಿ’ ಎಂದು ಬರೆಯೋಣ ಅನ್ನಿಸಿದೆ.

ಒಂದೇ ಅಳುಕು. ನಮ್ಮಮ್ಮನಿಗೆ ಮುಯ್ಯಿ ಅಂದರೆ ಮೊದಲು ನೆನಪಾಗುವುದು ನಾಟಿ, ಆಮೇಲೆ ಮದುವೆಯ ಉಡುಗೊರೆ. ಬೇರೆ ಕಡೆಯಿಂದ ಬಂದ ಸಹೋದ್ಯೋಗಿಗೆ ‘ಮುಯ್ಯಿ ತೀರಿಸಿಕೊಂಡ’ ಎಂಬ ಹಗೆಯ ಮಾತೇ ಮೊದಲು ಹೊಳೆಯಿತು. ನಾಟಿಯ ಮುಯ್ಯಿ ಇನ್ನೊಂದು ದಿನ ತೀರುತ್ತದೆ, ಇಲ್ಲಿ ಕೊಡುವುದು ಪಡೆಯುವುದು ಒಂದೇ ಗಳಿಗೆಯಲ್ಲಿ ಆಗುತ್ತದೆ. ಅದು ನನಗೆ ದೊಡ್ಡ ತೊಡಕಾಗಿ ಕಾಣಲಿಲ್ಲ.

ಅರಕಲಗೂಡು, ಸಕಲೇಶಪುರ, ಮೂಡಿಗೆರೆ ಕಡೆಯವರು ದಯವಿಟ್ಟು ಹೇಳಿ. ಮುಯ್ಯಾಳು ಎಂಬ ಮಾತು ನಿಮ್ಮ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆಯೇ? ‘ಮುಯ್ಯಿಬಿಸಿ’ ಅಂದಾಗ ನಿಮಗೆ ಮೊದಲು ಕಾಣುವುದು ಗದ್ದೆಯೋ, ಹಗೆಯೋ?