ಪದಚರ್ಚೆ: ಪಿಎಚ್ ಎಲೆಕ್ಟ್ರೋಡಿನ ಕೈಪಿಡಿಯಲ್ಲಿ ‘ಒರೆಸಿ’, ‘ಸಂಧಿ’, ‘ಶೇಖರಣಾ ದ್ರಾವಣ’

ಪ್ರಶ್ನೆ:

ಪ್ರಯೋಗಾಲಯದಲ್ಲಿ ಪಿಎಚ್ ಅಳೆಯುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ದ್ರಾವಣದಲ್ಲಿ ಅದ್ದಿ ಅಳೆಯುವ ಕಡ್ಡಿಗೆ, ಅಂದರೆ ಎಲೆಕ್ಟ್ರೋಡಿಗೆ, ‘ವಿದ್ಯುದ್ವಾರ’ ಎಂದಿದ್ದೇವೆ. ಕರಡಿನಲ್ಲಿ ಹೀಗಿದೆ: ‘ವಿದ್ಯುದ್ವಾರವನ್ನು ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಶೇಖರಣಾ ದ್ರಾವಣದಲ್ಲಿ ಇಡಿ. ಸಂಧಿಯು ಮುಚ್ಚಿಕೊಳ್ಳದಂತೆ ನೋಡಿಕೊಳ್ಳಿ.’ ಇದನ್ನು ಓದಿದವರಿಗೆ ಏನು ಮಾಡಬೇಕೆಂದು ತಿಳಿದೀತೆ? ಜಂಕ್ಷನ್‌ಗೆ ‘ಸಂಧಿ’ ಎಂದು ಹಾಕಿದ್ದೇವೆ. ವ್ಯಾಕರಣದ ಸಂಧಿಯೋ ಮೈಕೀಲೋ ಎಂದು ಓದುಗರು ತಡವರಿಸುತ್ತಾರೆ. ಮೀಟರು ತೋರಿಸುವ ಸ್ಲೋಪ್‌ಗೆ ‘ಇಳಿಜಾರು’ ಒಗ್ಗುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ 1:

‘ಒರೆಸಿ’ಯನ್ನು ಮೊದಲು ತೆಗೆಯಿರಿ. ಆ ಪದ ಓದಿದ ಕೈ ಮೇಜು ಒರೆಸಿದ ಹಾಗೆ ಎಲೆಕ್ಟ್ರೋಡಿನ ತುದಿಯ ಗಾಜಿನ ಗುಂಡನ್ನೂ ಉಜ್ಜುತ್ತದೆ. ಉಜ್ಜಿದರೆ ಗಾಜಿನ ಮೇಲೆ ಸ್ಥಿರ ವಿದ್ಯುತ್ತು ಕೂರುತ್ತದೆ. ಆ ಗಾಜಿನ ವಿದ್ಯುತ್ ರೋಧ ಹತ್ತಾರರಿಂದ ನೂರಾರು ಮೆಗಾಓಮ್. ಕೂತದ್ದು ಬೇಗ ಇಳಿಯುವುದಿಲ್ಲ, ಮೀಟರಿನ ಅಂಕಿ ನಿಲ್ಲದೆ ತೆವಳುತ್ತಿರುತ್ತದೆ. ಗಾಜಿನ ಹೊರಮೈಯಲ್ಲಿ ನೀರು ಕುಡಿದು ಮೆತ್ತಗಾದ ತೀರ ತೆಳುವಾದ ಪದರವಿದೆ, ಪಿಎಚ್‌ಗೆ ಸ್ಪಂದಿಸುವುದು ಅದೇ. ಉಜ್ಜಾಟದಿಂದ ಅದಕ್ಕೂ ಪೆಟ್ಟು. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತಿದೆ: ‘ಹೀರಿಸಿ’. ಮೆತ್ತನೆಯ ಟಿಶ್ಯೂ ಕಾಗದದ ಅಂಚನ್ನು ತುದಿಯಲ್ಲಿ ನಿಂತ ಹನಿಗೆ ತಾಗಿಸಿದರೆ ಸಾಕು, ಗಾಜಿಗೆ ಕಾಗದ ಸೋಕಲೇಬೇಕಿಲ್ಲ. ಅಳೆಯಬೇಕಾದ ದ್ರಾವಣ ಸಾಕಷ್ಟಿದ್ದರೆ ಅದರಲ್ಲೇ ಒಂದಿಷ್ಟನ್ನು ಬೇರೆ ತೆಗೆದು ತುದಿಯನ್ನು ಅಲುಬಿಬಿಡುವುದು ಇನ್ನೂ ಮೇಲು.

‘ಶೇಖರಣಾ ದ್ರಾವಣ’ ಎಂದರೆ ಶೇಖರಿಸಿಟ್ಟ ದ್ರಾವಣ ಎಂದೇ ಅರ್ಥ ಬರುತ್ತದೆ. ಬಾಟಲಿಯಲ್ಲಿ ಯಾವುದು ಬಹಳ ದಿನದಿಂದ ಇದೆಯೋ ಅದನ್ನೇ ಸುರಿದಾರು, ಬಟ್ಟಿ ಇಳಿಸಿದ ನೀರನ್ನೂ ಸುರಿದಾರು. ‘ನೆನೆಹಾಕುವ ದ್ರಾವಣ’ ಎನ್ನಿ, ಏನೆಂದು ಅಲ್ಲೇ ಬರೆಯಿರಿ: 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್, ಅಂದರೆ ಅದೇ ಲವಣದ (ಅಡುಗೆ ಉಪ್ಪಲ್ಲ) 22.4 ಗ್ರಾಂ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿದ್ದು. ಶುದ್ಧ ನೀರಿನಲ್ಲಿ ನೆನೆಹಾಕಿದರೆ ಗಾಜಿನ ಮೇಲ್ಪದರದಿಂದ ಅಯಾನುಗಳು ಬಸಿದುಹೋಗುತ್ತವೆ, ಎಲೆಕ್ಟ್ರೋಡಿನೊಳಗೆ ತುಂಬಿರುವ ಪೊಟ್ಯಾಶಿಯಂ ಕ್ಲೋರೈಡ್ ತೆಳ್ಳಗಾಗುತ್ತದೆ. ತೊಳೆಯಲು ಆ ನೀರು ಸರಿ, ನೆನೆಹಾಕಲು ಬೇಡ. ಈ ಎರಡು ಕ್ರಿಯಾಪದಗಳನ್ನು ಬೇರೆಬೇರೆ ವಾಕ್ಯದಲ್ಲಿಡಿ. ಒಣಗಿಹೋದ ಎಲೆಕ್ಟ್ರೋಡನ್ನೂ ಇದೇ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬಹಳ ಸಲ ಚೇತರಿಸಿಕೊಳ್ಳುತ್ತದೆ.

ಇನ್ನು ‘ಸಂಧಿ’. ಸಾಮಾನ್ಯ ಎಲೆಕ್ಟ್ರೋಡಿನ ಪಕ್ಕದಲ್ಲಿ, ಗುಂಡಿಗಿಂತ ತುಸು ಮೇಲೆ, ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಕಾಣುತ್ತದಲ್ಲ, ಅದು ಸೆರಾಮಿಕ್ ಬಿರಡೆ. ಒಳಗಿನ ಕ್ಲೋರೈಡ್ ಅದರ ಮೂಲಕ ಸದಾ ಸಣ್ಣಗೆ ಜಿನುಗಬೇಕು. ಹಾಗಾಗಿ ‘ಜಿನುಗುಬಾಯಿ’ ಎನ್ನಬಹುದು. ಹೆಸರೇ ಕೆಲಸ ಹೇಳುತ್ತದೆ: ಅಳೆಯುವಾಗ ಮೇಲಿನ ತುಂಬುರಂಧ್ರದ ಮುಚ್ಚಳ ತೆರೆದಿರಬೇಕು, ಒಳಗಿನ ದ್ರಾವಣ ಹೊರಗಿನದಕ್ಕಿಂತ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿರಬೇಕು. ಇಲ್ಲವಾದರೆ ಹೊರಗಿನದೇ ಒಳಗೆ ನುಗ್ಗುತ್ತದೆ. ‘ಸಂಧಿ’ ಎಂದಾಗ ಇದ್ಯಾವುದೂ ಹೊಳೆಯುವುದಿಲ್ಲ.

‘ಮುಚ್ಚಿಕೊಳ್ಳದಂತೆ ನೋಡಿಕೊಳ್ಳಿ’ ಎಂದಷ್ಟೇ ಹೇಳಿದರೂ ಸಾಲದು. ಚುಕ್ಕೆ ಕಪ್ಪಾಗಿದ್ದರೆ ಸಾಮಾನ್ಯವಾಗಿ ಅದು ಒಳಗಿನ ತಂತಿಯ ಬೆಳ್ಳಿಯಿಂದಾದ ಸಲ್ಫೈಡ್, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ಥಯೋಯೂರಿಯಾದಲ್ಲಿ ಬಿಳುಪಾಗುವವರೆಗೆ ಇಡಬೇಕು. ಪ್ರೋಟೀನು ಕಟ್ಟಿದ್ದರೆ ಅದೇ ಆಮ್ಲದಲ್ಲಿ ಪೆಪ್ಸಿನ್, ಅಂದರೆ ಪ್ರೋಟೀನನ್ನು ಒಡೆಯುವ ಕಿಣ್ವ. ಸಲ್ಫೈಡ್, ಪ್ರೋಟೀನು, ಟ್ರಿಸ್ ಬಫರ್ (ಬಫರ್ ಎಂದರೆ ಪಿಎಚ್ ಸುಲಭವಾಗಿ ಬದಲಾಗದ ದ್ರಾವಣ) ದಿನವೂ ಅಳೆಯುವವರಿಗೆ ಎರಡು ಜಿನುಗುಬಾಯಿಯ ಎಲೆಕ್ಟ್ರೋಡೇ ಬೇಕು. ಅದರ ಹೊರಕೋಣೆಯಲ್ಲಿ ಬೆಳ್ಳಿಯಿಲ್ಲ, ಹಾಗಾಗಿ ಬಾಯಿ ಕಟ್ಟುವುದು ಕಡಿಮೆ.

ಉತ್ತರ 2:

‘ಹೀರಿಸಿ’, ‘ನೆನೆಹಾಕಿ’ ಒಪ್ಪಿದೆ. ‘ಜಿನುಗುಬಾಯಿ’ಗೆ ಒಂದು ತಕರಾರು. ಜೆಲ್ ತುಂಬಿದ ಎಲೆಕ್ಟ್ರೋಡಿನಲ್ಲಿ ದ್ರವ ಜಿನುಗುವುದಿಲ್ಲ, ಅಯಾನುಗಳು ಹರಡಿಕೊಳ್ಳುತ್ತವಷ್ಟೆ, ತುಂಬುರಂಧ್ರವೂ ಇರುವುದಿಲ್ಲ. ಪೊಟ್ಟಣದ ಮೇಲೆ ಅಚ್ಚಾಗಿರುವುದೂ ಜಂಕ್ಷನ್ ಎಂದೇ. ಹೆಸರು ‘ಜಂಕ್ಷನ್’ ಇರಲಿ, ವಿವರಣೆಯಲ್ಲಿ ‘ಇಲ್ಲಿಂದ ಕ್ಲೋರೈಡ್ ಜಿನುಗುತ್ತದೆ’ ಎಂದು ಬರಲಿ.

‘ವಿದ್ಯುದ್ವಾರ’ ಪಠ್ಯಪುಸ್ತಕದ್ದು. ಆದರೆ ಇಲ್ಲಿ ‘ದ್ವಾರ’ ದಾರಿತಪ್ಪಿಸುತ್ತದೆ. ಹೈಡ್ರೋಜನ್ ಅಯಾನು ಗಾಜನ್ನು ದಾಟಿ ಒಳಗೆ ಹೋಗುವುದಿಲ್ಲ. ಮೇಲ್ಪದರದಲ್ಲೇ ಕೊಡುಕೊಳ್ಳುವಿಕೆ ನಡೆಯುತ್ತದೆ. ಗಾಜಿನ ಎಲೆಕ್ಟ್ರೋಡನ್ನೂ ಹೋಲಿಕೆಗೆ ಸ್ಥಿರ ವೋಲ್ಟೇಜು ಕೊಡುವ ಆಧಾರ ಎಲೆಕ್ಟ್ರೋಡನ್ನೂ ಒಂದೇ ಕೊಳವೆಯಲ್ಲಿಟ್ಟದ್ದಕ್ಕೆ ‘ಸಂಯುಕ್ತ ಎಲೆಕ್ಟ್ರೋಡ್’ ಎಂದೂ ಬೇಡ; ರಸಾಯನಶಾಸ್ತ್ರದಲ್ಲಿ ಸಂಯುಕ್ತಕ್ಕೆ ಬೇರೆ ಅರ್ಥವಿದೆ. ‘ಜೋಡಿ ಎಲೆಕ್ಟ್ರೋಡ್’ ಸಾಕು.

‘ಇಳಿಜಾರು’ ಬಳಸಿದರೆ ನೆಲದ ಇಳಿಜಾರೇ ಕಣ್ಣಿಗೆ ಬರುತ್ತದೆ. ‘ಸ್ಲೋಪ್’ ಎಂದೇ ಬರೆದು, ‘ಒಂದು ಪಿಎಚ್ ಅಂತರಕ್ಕೆ ಎಷ್ಟು ಮಿಲಿವೋಲ್ಟ್’ ಎಂದು ಬಿಡಿಸಿ, ಲೆಕ್ಕವೊಂದನ್ನು ಕೊಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿದ್ಧಾಂತದಂತೆ 59.16 ಬರಬೇಕು. ಪಿಎಚ್ 7.00ರ ಬಫರಿನಲ್ಲಿ –5, 4.01ರಲ್ಲಿ +165 ಮಿಲಿವೋಲ್ಟ್ ಬಂತೆನ್ನಿ. ಅಂತರ 170, ಅದನ್ನು 2.99ರಿಂದ ಭಾಗಿಸಿದರೆ 56.9, ಅಂದರೆ ಶೇ. 96. ಚೆನ್ನಾಗಿದೆ. ಶೇ. 90ಕ್ಕಿಂತ ಕೆಳಗಿಳಿದರೆ ಶುಚಿಮಾಡಿ ಮತ್ತೆ ನೋಡಬೇಕು, ಆಗಲೂ ಏರದಿದ್ದರೆ ಬದಲಿಸಬೇಕು. 7.00ರಲ್ಲೇ ಸೊನ್ನೆಯಿಂದ 30 ಮಿಲಿವೋಲ್ಟಿಗಿಂತ ಆಚೀಚೆ ಹೋದರೆ ಮೊದಲು ಬಫರ್ ಹಳತಾಗಿದೆಯೇ ನೋಡಿ, ಆಮೇಲೆ ಜಂಕ್ಷನ್ ಅನುಮಾನಿಸಿ.

ಕರಡಿನಲ್ಲಿ ಎಲ್ಲಾದರೂ ‘ಗುಳ್ಳೆಯಿದ್ದರೆ ಅಲ್ಲಾಡಿಸಿ’ ಎಂದಿದ್ದರೆ ಅದನ್ನೂ ತಿದ್ದಿ. ಅಲ್ಲಾಡಿಸಿದರೆ ಗುಳ್ಳೆ ಗುಂಡಿನೊಳಗೇ ಸುತ್ತುತ್ತದೆ. ‘ತುದಿ ಕೆಳಗೆ ಮಾಡಿ ಹಿಡಿದು, ಜ್ವರದ ಥರ್ಮಾಮೀಟರಿನಂತೆ ಕೆಳಮುಖವಾಗಿ ಕೊಡವಿ’ ಎಂದಾಗಲೇ ಅದು ಮೇಲೇರಿ ಹೋಗುತ್ತದೆ.