ಬ್ಯಾಟರಿ ಹೊಸದು, ಆದರೂ ಮೀಟರ್ ಲೈಟ್ ಮಿಣಮಿಣ ಅನ್ನುತ್ತೆ

ಪ್ರಶ್ನೆ: ಅಣ್ಣಾ, ನಂದು 2013ರ ಡೀಸೆಲ್ ಕಾರು. ಸಾಗರದಲ್ಲಿ ಮೇಷ್ಟ್ರ ಕೆಲಸ, ಶನಿವಾರ ರಾತ್ರಿ ತೀರ್ಥಹಳ್ಳಿ ಕಡೆ ನಮ್ಮೂರಿಗೆ ಹೋಗ್ತೀನಿ. ಮಳೆ ಹಿಡಿದಾಗಿಂದ ಡ್ಯಾಶ್‌ಬೋರ್ಡಿನ ಲೈಟ್ ಡಿಮ್ ಆಗುತ್ತೆ, ಮಿಣುಕುತ್ತೆ. ವೈಪರ್, ಹೆಡ್‌ಲೈಟ್, ಬ್ಲೋವರ್ ಮೂರೂ ಹಾಕಿ ನಿಂತಿದ್ದಾಗ ಜಾಸ್ತಿ. ಆಕ್ಸಿಲರೇಟರ್ ಒತ್ತಿದರೆ ಸ್ವಲ್ಪ ಸರಿ ಹೋಗುತ್ತೆ. ಬ್ಯಾಟರಿ ಅಂಗಡಿಯವರ ಮಾತು ಕೇಳಿ ಹೊಸ ಬ್ಯಾಟರಿ ಹಾಕಿಸಿದೆ, ಹೋಗಲಿಲ್ಲ. ಈಗ ಇನ್ನೊಬ್ಬರು ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರನ್ನೇ ಬದಲಿಸಿ ಅಂತಿದ್ದಾರೆ. ಬದಲಿಸಲಾ?

ಉತ್ತರ: ಈಗಲೇ ಬೇಡ ಮೇಷ್ಟ್ರೇ. ಮೊದಲು ಒಂದು ಹೇಳಿ: ಮೀಟರ್ ಲೈಟ್ ಮಿಣುಕುವಾಗ ಹೆಡ್‌ಲೈಟೂ ಮಿಣುಕುತ್ತಾ? ಗೋಡೆ ಎದುರು ಗಾಡಿ ನಿಲ್ಲಿಸಿ ಬೆಳಕು ನೋಡಿ. ಮೀಟರ್ ಬೋರ್ಡ್ ಮಾತ್ರ ಮಿಣುಕಿದರೆ ತೊಂದರೆ ಅಲ್ಲೇ ಹಿಂದೆ ಇರುತ್ತೆ: ಡಿಮ್ಮರ್ ಸ್ವಿಚ್ಚು, ಕಪ್ಲರ್ (ವೈರ್ ಜೋಡಿಸೋ ಪ್ಲಗ್), ಇಲ್ಲಾ ಮೀಟರಿನ ಅರ್ತ್ (ಬ್ಯಾಟರಿ ಮೈನಸ್‌ಗೆ ಹೋಗೋ ದಾರಿ). ಎಲ್ಲ ಲೈಟೂ ಒಟ್ಟಿಗೆ ಮಿಣುಕಿದರೆ ಬಾನೆಟ್ ಎತ್ತಬೇಕು. ಬೆಳಗ್ಗೆ ಸೆಲ್ಫ್ ಹೇಗೆ ಹೊಡೆಯುತ್ತೆ ಅನ್ನೋದನ್ನೂ ಹೇಳಿ.

ಪ್ರಶ್ನೆ ಕೇಳಿದವರು: ನೋಡಿದೆ ಅಣ್ಣಾ, ಹೆಡ್‌ಲೈಟೂ ಮಿಣುಕುತ್ತೆ. ಸೆಲ್ಫ್ ಎಳೆದೆಳೆದು ಹೊಡೆಯುತ್ತೆ, ಹೊಸ ಬ್ಯಾಟರಿಯಲ್ಲೂ ಹಾಗೇ. ಬ್ಯಾಟರಿ ಚಿಹ್ನೆಯ ಕೆಂಪು ಲೈಟ್ ಬಂದಿಲ್ಲ.

ಇನ್ನೊಬ್ಬ ಸದಸ್ಯರು: ಸುಲಭ ಇದೆ ಸರ್. ಇಂಜಿನ್ ಆನ್ ಇದ್ದಾಗ ಬ್ಯಾಟರಿ ಮೈನಸ್ ಕಿತ್ತು ನೋಡಿ. ಗಾಡಿ ಆಫ್ ಆದರೆ ಆಲ್ಟರ್ನೇಟರ್ ಹೋಗಿದೆ ಅಂತ.

ಉತ್ತರ: ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅದು ಹಳೇ ಅಂಬಾಸಿಡರ್ ಕಾಲದ ಪರೀಕ್ಷೆ. ಓಡ್ತಿರೋ ಇಂಜಿನ್‌ನಲ್ಲಿ ಬ್ಯಾಟರಿ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತೆ, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸುಟ್ಟು ಹೋಗಬಹುದು. ಕೈಯಲ್ಲೊಂದು ವೋಲ್ಟೇಜ್ ಅಳೆಯೋ ಮಲ್ಟಿಮೀಟರ್ ಇದ್ದರೆ ಸಾಕು.

ಮೇಷ್ಟ್ರೇ, ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಇಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.4ರಿಂದ 12.7 ಇರಬೇಕು. ಸ್ಟಾರ್ಟ್ ಮಾಡಿ ಎಲ್ಲ ಲೋಡ್ (ಹೆಡ್‌ಲೈಟ್, ವೈಪರ್, ಬ್ಲೋವರ್) ಹಾಕಿದಾಗ ನಿಮ್ಮಂಥ ಗಾಡಿಯಲ್ಲಿ 13.5ರ ಮೇಲೆ ನಿಲ್ಲಬೇಕು. (ಈಗಿನ ಕೆಲವು ಹೊಸ ಗಾಡಿಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತೆ, ಅವಕ್ಕೆ ಈ ಲೆಕ್ಕ ನಡೆಯಲ್ಲ.) ಇದಾದ ಮೇಲೆ ನನಗೆ ಮುಖ್ಯ ಅನಿಸೋದು ಅರ್ತ್. ಲೋಡ್ ಹಾಗೇ ಇರಲಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ ಇಡಿ, ಕ್ಲಾಂಪ್ ಮೇಲಲ್ಲ. ಇನ್ನೊಂದನ್ನು ಇಂಜಿನ್‌ನಲ್ಲಿ ಪೇಂಟ್ ಇಲ್ಲದ ಲೋಹಕ್ಕೆ ಒತ್ತಿ. 0.2ಕ್ಕಿಂತ ಜಾಸ್ತಿ ಬಂದರೆ ಅರ್ತ್ ಸರಿಯಿಲ್ಲ. ಕಡ್ಡಿಯ ವೈರು ಫ್ಯಾನು, ಬೆಲ್ಟಿಗೆ ಸಿಗದಂತೆ ಜೋಪಾನ.

ಪ್ರಶ್ನೆ ಕೇಳಿದವರು: ಆಫ್‌ನಲ್ಲಿ 12.5. ಎಲ್ಲ ಹಾಕಿದಾಗ 12.9. ಅರ್ತ್ 0.9 ತೋರಿಸ್ತಿದೆ, ಅದೂ ಒಂದು ಕಡೆ ನಿಲ್ತಿಲ್ಲ, ಕುಣೀತಿದೆ.

ಉತ್ತರ: ಹಾಗಾದರೆ ಕಳ್ಳ ಅಲ್ಲೇ ಇದ್ದಾನೆ. ಆಲ್ಟರ್ನೇಟರಿಗೆ ಮೈನಸ್ ಸಿಗೋದು ಇಂಜಿನ್ ಮೈಯಿಂದಲೇ. ಇಂಜಿನ್‌ನಿಂದ ಬ್ಯಾಟರಿಗೆ ಬರೋ ದಾರಿಯಲ್ಲಿ ಸುಮಾರು ಒಂದು ವೋಲ್ಟ್ ಸೋರಿದರೆ ಆಲ್ಟರ್ನೇಟರ್ ಚೆನ್ನಾಗಿದ್ದರೂ ಬ್ಯಾಟರಿಗೆ ತಲುಪೋದು 12.9. ಸೆಲ್ಫ್ ಎಳೆಯೋದಕ್ಕೂ ಇದೇ ಕಾರಣ. ಐಡಲ್‌ನಲ್ಲಿ ಡೀಸೆಲ್ ಇಂಜಿನ್ ನಡುಗುತ್ತೆ, ತುಕ್ಕು ಹಿಡಿದ ಬೋಲ್ಟಿನಲ್ಲಿ ಕರೆಂಟ್ ಹಿಡಿದು ಬಿಡುತ್ತಿರುತ್ತೆ, ಅದೇ ಮಿಣಮಿಣ. ಮಲೆನಾಡಿನ ಗಾಡಿಗಳಲ್ಲಿ ಇದು ಹೊಸದೇನಲ್ಲ.

ಬ್ಯಾಟರಿ ಟ್ರೇ ಕೆಳಗೆ, ಗೇರ್‌ಬಾಕ್ಸ್ ಹತ್ತಿರ ಹೆಣೆದ ತಾಮ್ರದ ಪಟ್ಟಿ ಅಥವಾ ದಪ್ಪ ಕಪ್ಪು ವೈರ್ ಹುಡುಕಿ. ಇಂಜಿನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಪಟ್ಟಿಯ ಎರಡೂ ಕಡೆ ಬೋಲ್ಟ್ ತೆಗೆದು, ಲಗ್ಗು (ಪಟ್ಟಿಯ ತುದಿಯ ಲೋಹದ ಬಳೆ) ಕೂರೋ ಜಾಗ ಹೊಳೆಯೋ ತನಕ ಎಮರಿ ಪೇಪರಿನಲ್ಲಿ ಉಜ್ಜಿ. ಎಳೆಗಳು ಹಸಿರುಗಟ್ಟಿ ಪುಡಿಯಾಗ್ತಿದ್ದರೆ ಉಜ್ಜಿ ಪ್ರಯೋಜನ ಇಲ್ಲ, ಹೊಸದೇ ಹಾಕಿಸಿ, ಆಲ್ಟರ್ನೇಟರಿನ ಬೆಲೆ ಮುಂದೆ ಅದು ಏನೂ ಅಲ್ಲ. ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಆಮೇಲೂ ಮಿಣುಕಿದರೆ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಇಂಜಿನ್ ಓಡುವಾಗ ಬ್ಯಾಟರಿ ಮೇಲಿಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡೋ ಡಯೋಡ್ ಮೇಲೆ ಅನುಮಾನ ಪಡಬೇಕು, ಆಗ ಆಲ್ಟರ್ನೇಟರ್ ಬಿಚ್ಚೋಣ.

ಪ್ರಶ್ನೆ ಕೇಳಿದವರು: ಪಟ್ಟಿ ಅರ್ಧ ಹರಿದಿತ್ತು ಅಣ್ಣಾ! ಹೊಸದು ಹಾಕಿಸಿದೆ. ಈಗ ಎಲ್ಲ ಲೋಡ್ ಹಾಕಿದರೆ 13.8, ಅರ್ತ್ 0.05. ಮಿಣುಕೋದು ನಿಂತಿದೆ. ಕಾರಿನ ಏರ್ ಕಂಡೀಷನರ್ ಆನ್ ಆಗುವಾಗ ಮಾತ್ರ ಒಂದು ಸಲ ಕಣ್ಣು ಹೊಡೆಯುತ್ತೆ.

ಉತ್ತರ: ಅದು ಕಂಪ್ರೆಸರ್ ಕ್ಲಚ್ ಹಿಡಿಯೋ ಕ್ಷಣ, ಅಷ್ಟು ಇದ್ದೇ ಇರುತ್ತೆ. ಬಿಟ್ಟುಬಿಡಿ.

ಮತ್ತೊಬ್ಬ ಸದಸ್ಯರು: ಸರ್, ನನ್ನ ಗಾಡಿಯಲ್ಲಿ ಹಗಲು ಹೆಡ್‌ಲೈಟ್ ಹಾಕಿದರೆ ಮೀಟರ್ ಡಿಮ್ ಆಗುತ್ತೆ, ಮಿಣುಕಲ್ಲ. ಇದೂ ಅರ್ತ್ ಸಮಸ್ಯೆನಾ?

ಉತ್ತರ: ಅಲ್ಲ. ರಾತ್ರಿ ಕಣ್ಣಿಗೆ ಹೊಡೆಯಬಾರದು ಅಂತ ಕಂಪನಿಯವರೇ ಹಾಗೆ ಇಟ್ಟಿರ್ತಾರೆ. ಸ್ಟೀರಿಂಗ್ ಪಕ್ಕ ಚಿಕ್ಕ ಚಕ್ರ ಇಲ್ಲವೇ ಮೀಟರಿನಲ್ಲೇ ಒಂದು ಗುಬುಟು ಇರುತ್ತೆ, ತಿರುಗಿಸಿ ನೋಡಿ.